ಕ್ಯಾರಿಯರ್ ಹೊರುವುದೇನನ್ನು?

ಬೆಳಗಿನ ಹೊತ್ತು 7 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೋ) ಸೆಟ್ಟಿನ ಟ್ಯೂನಿಂಗ್ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ನೋಡಿ. ಮೊದಲು ಕೇಳುವುದು ಮಾತಲ್ಲ, ಮೂಗು ಕಟ್ಟಿದ ಬಾತುಕೋಳಿ ಯಾರ ಮೇಲೋ ಜಗಳಕ್ಕೆ ನಿಂತಂಥ ಸದ್ದು. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದರೆ ಅದೇ ಬಾತುಕೋಳಿ ಮನುಷ್ಯನಾಗಿ, ತನ್ನ ಕಾಲ್‌ಸೈನ್ ಹೇಳಿ, ನಿಮ್ಮಲ್ಲಿ ಮಳೆ ಹೇಗಿದೆ ಎಂದು ವಿಚಾರಿಸುತ್ತದೆ. ಈ ಹವ್ಯಾಸಕ್ಕೆ ಹೊಸದಾಗಿ ಬಂದವರು ಅಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ: ಎಸ್‌ಎಸ್‌ಬಿ ಎಂದರೆ ಕಳಪೆ ದನಿ, ಎಫ್‌ಎಂ ಎಂದರೆ ಸ್ವಚ್ಛ ದನಿ, ಎಎಂ ಎಂದರೆ ಅಜ್ಜನ ಕಾಲದ್ದು. ಮೂರೂ ಅರ್ಧ ಸತ್ಯ. ಎಲ್ಲಕ್ಕೂ ಬೇರು ಒಂದೇ, ಅದು ಶಾಲೆಯಲ್ಲಿ ಕಲಿತ ಚಿತ್ರದಲ್ಲಿದೆ.

ಆ ಚಿತ್ರ ನೆನಪಿರಬಹುದು. ಒತ್ತೊತ್ತಾದ ಅಲೆಗಳ ಸಾಲು, ಅದರ ಎತ್ತರ ಮಾತಿಗೆ ತಕ್ಕಂತೆ ಏರಿಳಿಯುತ್ತದೆ. ಇದೇ ಎಎಂ. ಕೆಳಗೆ ವಿವರಣೆ: ವಾಹಕ ಅಲೆ, ಅಂದರೆ ಕ್ಯಾರಿಯರ್, ಧ್ವನಿಯನ್ನು ಹೊತ್ತೊಯ್ಯುತ್ತದೆ. ಹೆಸರೇ ವಾಹಕ ಎಂದ ಮೇಲೆ ಅನುಮಾನ ಯಾಕೆ ಬರಬೇಕು? ಆದರೆ ಎಎಂ ಪ್ರಸಾರವನ್ನು ಆವರ್ತನಗಳಾಗಿ ಬಿಡಿಸಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. 7100 ಕಿಲೋಹರ್ಟ್ಸ್‌ನಲ್ಲಿ ಕ್ಯಾರಿಯರ್ ಇಟ್ಟು, ಮೈಕಿನ ಮುಂದೆ 1 ಕಿಲೋಹರ್ಟ್ಸ್‌ನ ಸಿಳ್ಳೆ ಹಾಕಿದಿರಿ ಎನ್ನಿ. ಆಂಟೆನಾದಿಂದ ಹೊರಡುವುದು ಮೂರು: ನಡುವೆ 7100, ಅದರ ಎಡಕ್ಕೆ 7099, ಬಲಕ್ಕೆ 7101. ನೀವು ಸಿಳ್ಳೆ ಹಾಕಿದರೂ ಸುಮ್ಮನಿದ್ದರೂ ನಡುವಿನ ಗೆರೆ ಹೆಚ್ಚುವುದಿಲ್ಲ, ಕುಗ್ಗುವುದಿಲ್ಲ. ದನಿ ಇರುವುದೆಲ್ಲ ಅಕ್ಕಪಕ್ಕದ ಎರಡು ಗೆರೆಗಳಲ್ಲಿ, ಅಂದರೆ ಸೈಡ್‌ಬ್ಯಾಂಡ್‌ಗಳಲ್ಲಿ. ಅವೂ ಒಂದರ ಕನ್ನಡಿ ಪ್ರತಿಬಿಂಬ ಇನ್ನೊಂದು. ಚಿತ್ರದಲ್ಲಿ ಕಂಡ ಏರಿಳಿತ ಈ ಮೂರೂ ಕೂಡಿದಾಗ ಮೂಡುವ ಹೊರ ಆಕಾರ ಅಷ್ಟೇ.

ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಕ್ಯಾರಿಯರ್ 100 ವಾಟ್ ಇದ್ದು, ಸಿಳ್ಳೆಯಿಂದ ಅದನ್ನು ಪೂರ್ತಿ ಏರಿಳಿಸಿದರೆ (ಪೂರ್ತಿ ಮಾಡ್ಯುಲೇಷನ್) ಸೈಡ್‌ಬ್ಯಾಂಡ್ ಒಂದೊಂದಕ್ಕೆ ಸಿಗುವುದು 25 ವಾಟ್. ಒಟ್ಟು 150ರಲ್ಲಿ 100 ವಾಟ್ ಏನನ್ನೂ ಹೇಳದ ಅಲೆಗೆ ಖರ್ಚು, ಉಳಿದದ್ದು ಒಂದೇ ಮಾತನ್ನು ಎರಡು ಸಲ ಹೇಳಲು ಖರ್ಚು.

ಹಾಗಾದರೆ ಎಎಂ ದಡ್ಡ ಯೋಜನೆಯೇ? ಅಲ್ಲ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್‌ನಲ್ಲಿ ಬರುವುದು ಎಎಂನಲ್ಲೇ. ಪ್ರಸಾರ ಮಾಡುವ ಕೇಂದ್ರ ಒಂದು, ಕೇಳುವ ರೇಡಿಯೋಗಳು ಲಕ್ಷಾಂತರ. ಕೇಂದ್ರವೊಂದು ವಿದ್ಯುತ್ತನ್ನು ಧಾರಾಳವಾಗಿ ಸುರಿದು ಕ್ಯಾರಿಯರನ್ನೂ ಕಳಿಸಿಕೊಟ್ಟರೆ, ಆ ಲಕ್ಷಾಂತರ ರೇಡಿಯೋಗಳು ಒಂದು ಡಯೋಡಿನಲ್ಲಿ ಕೆಲಸ ಮುಗಿಸಿಕೊಳ್ಳುತ್ತವೆ. ಹ್ಯಾಮ್ ಮನೆಯಲ್ಲಿ ಈ ಲೆಕ್ಕ ತಿರುವುಮುರುವು. ಅಲ್ಲಿ ಒಂದು ಟ್ರಾನ್ಸ್‌ಮಿಟರಿಗೆ ಒಂದೇ ರಿಸೀವರ್. ರಿಸೀವರ್ ಸ್ವಲ್ಪ ದುಬಾರಿಯಾದರೂ ಚಿಂತೆಯಿಲ್ಲ, ಕಳಿಸುವ ವಾಟ್ ಪೋಲಾಗಬಾರದು.

ಕ್ಯಾರಿಯರನ್ನೂ ಒಂದು ಸೈಡ್‌ಬ್ಯಾಂಡನ್ನೂ ತೆಗೆದುಹಾಕಿ ಉಳಿದ ಒಂದನ್ನೇ ಕಳಿಸುವುದು ಎಸ್‌ಎಸ್‌ಬಿ. ಅಮೆರಿಕದ ಜಾನ್ ಕಾರ್ಸನ್ ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದು 1915ರಲ್ಲೇ. 3 ಕಿಲೋಹರ್ಟ್ಸ್‌ವರೆಗಿನ ಮಾತಿಗೆ ಎಎಂ 6 ಕಿಲೋಹರ್ಟ್ಸ್ ಜಾಗ ತಿಂದರೆ, ಇದಕ್ಕೆ ಅದರ ಅರ್ಧ ಸಾಕು. ತೆಗೆದುಹಾಕಿದ ಕ್ಯಾರಿಯರನ್ನು ಕೇಳುವ ಸೆಟ್ಟೇ ತನ್ನೊಳಗೆ ಹುಟ್ಟಿಸಿಕೊಳ್ಳಬೇಕು. ಅದು 100 ಹರ್ಟ್ಸ್ ಅತ್ತಿತ್ತ ಆದರೂ ಬಾತುಕೋಳಿ ಹಾಜರು. ದನಿ ಬರೀ ಕೀಚಲಾಯಿತು, ಟೇಪನ್ನು ವೇಗವಾಗಿ ಓಡಿಸಿದಂತೆ ಎಂದು ಹಲವರು ತಿಳಿದಿದ್ದಾರೆ. ಟೇಪಿನಲ್ಲಿ ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಗುಣಿಸಿಕೊಳ್ಳುತ್ತವೆ, ಆದ್ದರಿಂದ ಶ್ರುತಿ ಏರಿದರೂ ಹೊಂದಾಣಿಕೆ ಕೆಡುವುದಿಲ್ಲ. ಇಲ್ಲಿ ಆಗುವುದು ಗುಣಾಕಾರ ಅಲ್ಲ, ಸಂಕಲನ. ಗಂಟಲಿನಿಂದ ಹೊರಟ 150, 300, 450 ಹರ್ಟ್ಸ್‌ಗಳು 250, 400, 550 ಆಗಿ ಬರುತ್ತವೆ. ಮೊದಲಿನದು ಒಂದು, ಎರಡು, ಮೂರು ಪಟ್ಟು ಎಂಬ ನಂಟು. ಬಂದದ್ದರಲ್ಲಿ ಆ ನಂಟೇ ಇಲ್ಲ. ಮನುಷ್ಯನ ಗಂಟಲಿನಿಂದ ಹೊರಡಲಾರದ ದನಿ ಅದು, ಕಿವಿ ಗಲಿಬಿಲಿಗೊಳ್ಳುವುದು ಅದಕ್ಕೇ. ಟ್ಯೂನಿಂಗ್ ಸರಿಮಾಡಿದರೆ ಎಸ್‌ಎಸ್‌ಬಿ ದನಿ ಟೆಲಿಫೋನಿನಷ್ಟು ಸ್ಪಷ್ಟ.

10 ಮೆಗಾಹರ್ಟ್ಸ್‌ಗಿಂತ ಕೆಳಗೆ ಹ್ಯಾಮ್‌ಗಳು ಕೆಳ ಸೈಡ್‌ಬ್ಯಾಂಡ್, ಮೇಲೆ ಮೇಲಿನ ಸೈಡ್‌ಬ್ಯಾಂಡ್ ಬಳಸುತ್ತಾರೆ. 5 ಮೆಗಾಹರ್ಟ್ಸ್ ಬ್ಯಾಂಡ್ ಮಾತ್ರ ಇದಕ್ಕೆ ಅಪವಾದ. ದೂರ ಹೋಗುವುದರಲ್ಲಿ ಎರಡಕ್ಕೂ ಏನೂ ವ್ಯತ್ಯಾಸವಿಲ್ಲ, ಇದು ರೂಢಿ. ಈ ರೂಢಿಗೆ ಹಿರಿಯರು ಹೇಳುವ ಒಂದು ಕಥೆಯೂ ಇದೆ: ಹಳೆಯ ಸೆಟ್ಟುಗಳಲ್ಲಿ 9 ಮೆಗಾಹರ್ಟ್ಸ್‌ನಲ್ಲಿ ಎಸ್‌ಎಸ್‌ಬಿ ತಯಾರಿಸಿ, 5 ಮೆಗಾಹರ್ಟ್ಸ್ ಆಸಿಲೇಟರಿನ ಜೊತೆ ಬೆರೆಸುತ್ತಿದ್ದರು, ಕೂಡಿಸಿದರೆ 14, ಕಳೆದರೆ 4, ಕಳೆದಾಗ ಸೈಡ್‌ಬ್ಯಾಂಡ್ ತಲೆಕೆಳಗಾಗುತ್ತಿತ್ತು ಎಂದು. ಪೆನ್ಸಿಲ್ ಹಿಡಿದು ನೋಡಿ. 9.001ರಿಂದ 5 ಕಳೆದರೆ 4.001. ಮೇಲಿನದು ಮೇಲೇ ಉಳಿಯಿತು. ತಲೆಕೆಳಗಾಗಬೇಕಾದರೆ ಆಸಿಲೇಟರ್ 9ರಲ್ಲಿದ್ದು, ಎಸ್‌ಎಸ್‌ಬಿ 5ರಲ್ಲಿ ತಯಾರಾಗಬೇಕು: 9ರಿಂದ 5.001 ಕಳೆದರೆ 3.999. ಕಥೆ ಹೇಳುವವರು ಅಂಕಿಗಳನ್ನು ಅದಲುಬದಲು ಮಾಡಿಕೊಂಡಿದ್ದಾರೆ.

ವಾಟಿನ ಬಗ್ಗೆಯೂ ಒಂದೆರಡು ಮಾತು. 100 ವಾಟ್ ಎಂದು ಬರೆದ ಸೆಟ್ಟನ್ನು ಎಎಂಗೆ ತಿರುಗಿಸಿದರೆ ಕ್ಯಾರಿಯರ್ 25 ವಾಟ್ ಮಾತ್ರ ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದ ಎನ್ನುವವರಿದ್ದಾರೆ. ಪೂರ್ತಿ ಮಾಡ್ಯುಲೇಷನ್‌ನಲ್ಲಿ ತುತ್ತತುದಿಯ ಶಕ್ತಿ ಕ್ಯಾರಿಯರಿನ ನಾಲ್ಕು ಪಟ್ಟಾಗುತ್ತದೆ, 25ರ ನಾಲ್ಕು ಪಟ್ಟು 100, ಲೆಕ್ಕ ಸರಿಯಾಗಿಯೇ ಇದೆ. ಎಸ್‌ಎಸ್‌ಬಿಯಲ್ಲಿ ಮೀಟರಿನ ಮುಳ್ಳು 100ರಲ್ಲಿ ನಿಲ್ಲದೆ ಕುಣಿಯುವುದೂ ದೋಷವಲ್ಲ, ಮಾತು ನಿಂತಾಗ ಕಳಿಸುವುದಕ್ಕೆ ಏನೂ ಇರುವುದಿಲ್ಲ. ಮುಳ್ಳು ನಿಲ್ಲಲಿ ಎಂದು ಮೈಕ್ ಗೇನ್ ಏರಿಸುವವರು ಪಕ್ಕದ ಆವರ್ತನದಲ್ಲಿ ಮಾತಾಡುತ್ತಿರುವವರ ಕಿವಿಗೆ ಕರ್ಕಶ ಸುರಿಯುತ್ತಾರೆ, ಅಷ್ಟೇ ಸಾಧನೆ.

ಇನ್ನು ಎಫ್‌ಎಂ, ಅಲೆಯ ಎತ್ತರದ ಬದಲು ಆವರ್ತನವನ್ನೇ ಮಾತಿಗೆ ತಕ್ಕಂತೆ ಅಲುಗಾಡಿಸುವ ವಿಧಾನ. ಇದರ ಸುತ್ತ ತಪ್ಪು ತಿಳಿವಳಿಕೆ ಮೊದಲು ಹುಟ್ಟಿದ್ದು ಎಂಜಿನಿಯರುಗಳಲ್ಲೇ. ಆವರ್ತನವನ್ನು ಬರೀ 100 ಹರ್ಟ್ಸ್ ಅತ್ತಿತ್ತ ಅಲುಗಾಡಿಸಿದರೆ ಇಡೀ ಮಾತು 200 ಹರ್ಟ್ಸ್ ಜಾಗದಲ್ಲಿ ಹಿಡಿದೀತು ಎಂದು ನಂಬಿದ್ದರು. ಅದು ಸಾಧ್ಯವಿಲ್ಲ ಎಂದು 1922ರಲ್ಲಿ ಗಣಿತದಿಂದ ತೋರಿಸಿದವನು ಅದೇ ಕಾರ್ಸನ್. ಅಲ್ಲಿಗೆ ನಿಲ್ಲದೆ, ಎಫ್‌ಎಂನಿಂದ ಪ್ರಯೋಜನವೇ ಇಲ್ಲ ಎಂದೂ ಹೇಳಿ ಕೈತೊಳೆದುಕೊಂಡ. ಎಡ್ವಿನ್ ಆರ್ಮ್‌ಸ್ಟ್ರಾಂಗ್ ಇದನ್ನೇ ತಿರುಗಿಸಿ ಯೋಚಿಸಿದ. ಜಾಗ ಉಳಿಸುವುದನ್ನು ಬಿಟ್ಟು ಧಾರಾಳವಾಗಿ ಚೆಲ್ಲಿದರೆ ಗದ್ದಲ ತಗ್ಗುತ್ತದೆ ಎಂದು ತೋರಿಸಿ 1933ರಲ್ಲಿ ಪೇಟೆಂಟ್ ಪಡೆದ. ನಾವು ಹಾಡು ಕೇಳುವ ಎಫ್‌ಎಂ ಕೇಂದ್ರಗಳು ಎರಡೂ ಕಡೆ 75 ಕಿಲೋಹರ್ಟ್ಸ್‌ವರೆಗೆ ಅಲುಗಾಡುತ್ತವೆ. ಹ್ಯಾಮ್ ಎಫ್‌ಎಂ ಅಲುಗಾಡುವುದು 5 ಕಿಲೋಹರ್ಟ್ಸ್. ಆದರೂ ಅದು ತಿನ್ನುವ ಜಾಗ ಸುಮಾರು 16 ಕಿಲೋಹರ್ಟ್ಸ್, ಐದಾರು ಎಸ್‌ಎಸ್‌ಬಿ ಮಾತುಕತೆ ಹಿಡಿಯುವಷ್ಟು.

ಎಫ್‌ಎಂಗೆ ಗದ್ದಲ ತಾಗುವುದೇ ಇಲ್ಲ ಎಂಬುದೂ ನಿಜವಲ್ಲ. ಸಿಗ್ನಲ್ ಒಂದು ಮಟ್ಟಕ್ಕಿಂತ ಮೇಲಿದ್ದರೆ ನಿಶ್ಶಬ್ದ, ಕೆಳಗಿಳಿದರೆ ಒಮ್ಮೆಲೇ ಕೊರಕೊರ. ಎಸ್‌ಎಸ್‌ಬಿ ಹಾಗಲ್ಲ, ಕ್ಷೀಣವಾಗುತ್ತ ಹೋದರೂ ಪಳಗಿದ ಕಿವಿ ಗದ್ದಲದೊಳಗಿಂದ ಕಾಲ್‌ಸೈನನ್ನು ಹೆಕ್ಕಿ ತೆಗೆಯುತ್ತದೆ. ಎಫ್‌ಎಂನ ಇನ್ನೊಂದು ಗುಣ, ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಾದ ಸಿಗ್ನಲ್ ಮೆತ್ತಗಿನದನ್ನು ನುಂಗಿಬಿಡುವುದು. ಮೆತ್ತಗಿನವನು ಅಲ್ಲಿದ್ದ ಎಂಬುದೂ ತಿಳಿಯುವುದಿಲ್ಲ. ವಿಮಾನಗಳು 118ರಿಂದ 137 ಮೆಗಾಹರ್ಟ್ಸ್‌ನಲ್ಲಿ ಇವತ್ತಿಗೂ ಎಎಂ ಬಳಸುವುದಕ್ಕೆ ಇದೂ ಒಂದು ಕಾರಣ. ಇಬ್ಬರು ಪೈಲಟ್‌ಗಳು ಒಟ್ಟಿಗೆ ಬಟನ್ ಒತ್ತಿದರೆ ಕೀಂ ಎಂಬ ಸದ್ದಾದರೂ ಬರುತ್ತದೆ, ಇನ್ನೊಬ್ಬನಿದ್ದಾನೆ ಎಂದು ನಿಯಂತ್ರಕರಿಗೆ ಗೊತ್ತಾಗುತ್ತದೆ. ಅಜ್ಜನ ಕಾಲದ್ದು ಎಂದವರು ಮುಂದಿನ ಸಲ ವಿಮಾನ ಹತ್ತುವಾಗ ನೆನೆಸಿಕೊಳ್ಳಲಿ.

ಎಫ್‌ಎಂ ಊರೊಳಗೆ, ಎಸ್‌ಎಸ್‌ಬಿ ದೇಶಾಂತರಕ್ಕೆ ಎಂಬ ಮಾತಿನಲ್ಲಿ ಕಾರಣ ತಪ್ಪಿದೆ. ದೂರ ಒಯ್ಯುವುದು ಬ್ಯಾಂಡ್ ಮತ್ತು ಅಯಾನುಗೋಳ. ಸೂರ್ಯಕಲೆ ಹೆಚ್ಚಿದ ವರ್ಷಗಳಲ್ಲಿ 29 ಮೆಗಾಹರ್ಟ್ಸ್‌ನ ಎಫ್‌ಎಂ ಸಮುದ್ರ ದಾಟುತ್ತದೆ. 400 ಕಿಲೋಮೀಟರ್ ಮೇಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ 145.800 ಮೆಗಾಹರ್ಟ್ಸ್ ಎಫ್‌ಎಂ ಕೈಯಲ್ಲಿರುವ ಹ್ಯಾಂಡಿಗೂ ಸಿಗುತ್ತದೆ. ಆದರೆ ಜಾಗ ಹಂಚಿಕೊಳ್ಳುವ ಪ್ರಶ್ನೆ ಬಂದಾಗ ಎಫ್‌ಎಂ ದುಬಾರಿ. ಇಸ್ರೋ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಕಾರ್ಟೊಸ್ಯಾಟ್-1ರ ಜೊತೆ ಹಾರಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹ ನೆನಪಿದೆಯೇ? ಅದರಲ್ಲಿದ್ದ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದು ನಮ್ಮವರದು, ಇನ್ನೊಂದು ನೆದರ್ಲೆಂಡ್ಸ್‌ನ ವಿದ್ಯಾರ್ಥಿಯೊಬ್ಬನದು. ಎರಡನ್ನೂ ರೂಪಿಸಿದ್ದು ಎಸ್‌ಎಸ್‌ಬಿ ಮತ್ತು ಮೋರ್ಸ್‌ಗಾಗಿ, ಒಂದೇ ಹೊತ್ತಿಗೆ ಹಲವರು ಮಾತಾಡಲಿ ಎಂದು. 60 ಕಿಲೋಹರ್ಟ್ಸ್‌ನ ಆ ಕಿಟಕಿಯಲ್ಲಿ ಎಫ್‌ಎಂ ಆಗಿದ್ದರೆ ಮೂರು ಜನ ತುಂಬಿಬಿಡುತ್ತಿದ್ದರು. 2014ರವರೆಗೆ ಆ ಉಪಗ್ರಹ ದುಡಿಯಿತು. ಈಗ ನಮ್ಮ ಪಶ್ಚಿಮದ ಆಕಾಶದಲ್ಲಿ ನಿಂತಿರುವ ಕ್ಯೂಒ-100 ಉಪಗ್ರಹದ ಕಿರಿದಾದ ಪಟ್ಟಿಯಲ್ಲಿ ಎಫ್‌ಎಂಗೆ ಪ್ರವೇಶವೇ ಇಲ್ಲ.

ಡಿಜಿಟಲ್ ಬಂದ ಮೇಲೆ ಇದೆಲ್ಲ ಹಳತಾಯಿತಲ್ಲ ಎಂದು ಕೇಳುವವರಿಗೆ: ಡಿಎಂಆರ್, ಡಿ-ಸ್ಟಾರ್ ಎಲ್ಲ ಜಾಗ ಉಳಿಸುತ್ತವೆ ನಿಜ. ಡಿಎಂಆರ್ 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್ಲಿನಲ್ಲಿ ಸರದಿ ಪ್ರಕಾರ ಎರಡು ಮಾತುಕತೆ ನಡೆಸುತ್ತದೆ. ಆದರೆ ನೀವು ಕೇಳುವುದು ಗೆಳೆಯನ ದನಿಯನ್ನಲ್ಲ, ಅವನ ದನಿಯ ಲೆಕ್ಕಪತ್ರ ನೋಡಿ ಚಿಪ್ ಮತ್ತೆ ಕಟ್ಟಿದ ದನಿಯನ್ನು. ಸಿಗ್ನಲ್ ತಗ್ಗಿದರೆ ಮಾತು ಮಸುಕಾಗುವುದಿಲ್ಲ, ನಡುವೆಯೇ ತುಂಡಾಗುತ್ತದೆ.

ಆದ್ದರಿಂದ ಲೈಸೆನ್ಸ್ ಕೈಗೆ ಬಂದವರಿಗೆ ನನ್ನ ಸಲಹೆ ಇಷ್ಟು: ಊರಿನ ರಿಪೀಟರಿಗೆ ಒಂದು ಎಫ್‌ಎಂ ಹ್ಯಾಂಡಿ ಸಾಕು, ಅದಕ್ಕೆ ಹೆಚ್ಚು ದುಡ್ಡು ಹಾಕಬೇಡಿ. ಉಳಿದದ್ದನ್ನು ಎಸ್‌ಎಸ್‌ಬಿ ಸೆಟ್ಟಿಗೆ, ಅದಕ್ಕಿಂತ ಮೊದಲು ಅದರ ಆಂಟೆನಾಗೆ ಕೂಡಿಡಿ.