ಎಲೆಯಡಕೆಯ ನೆಂಟರು: ವಿಯೆಟ್ನಾಮಿನ ಮದುವೆಯೂಟದಲ್ಲಿ ಪರದೇಶಿ ಅತಿಥಿಯ ಭ್ರಮೆಗಳು

ಸರಕಾರಿ ಕಾಗದಗಳಲ್ಲಿ 1976ರಿಂದ ಹೋ ಚಿ ಮಿನ್ ನಗರವೆನಿಸಿದ್ದರೂ ಅಲ್ಲಿಯವರ ಬಾಯಲ್ಲಿ ಇಂದಿಗೂ ಸೈಗಾನ್ ಆಗಿಯೇ ಉಳಿದಿರುವ ಊರಿನಲ್ಲಿ ಉದ್ಯೋಗನಿಮಿತ್ತ ನೆಲೆಸಿದ ನಮ್ಮ ಕಡೆಯವನೊಬ್ಬನಿಗೆ ಸಹೋದ್ಯೋಗಿಯ ಮದುವೆಯ ಕರೆಯೋಲೆ ಬಂದಿತೆಂದರೆ, ಅವನ ಮನಸ್ಸಿನಲ್ಲಿ ಎರಡು ಭ್ರಮೆಗಳು ಏಕಕಾಲಕ್ಕೆ ತಲೆಯೆತ್ತುವುದುಂಟು. ಇದು ಎಲ್ಲಿಯದೋ ಪರಕೀಯ ಸಮಾರಂಭ, ಇದರ ತಲೆಬುಡ ನಮಗೆ ತಿಳಿಯತಕ್ಕದ್ದಲ್ಲ ಎಂಬುದೊಂದು. ಮದುವೆಯೆಂದರೆ ಎಲ್ಲಿಯಾದರೂ ಮದುವೆಯೇ, ನಮ್ಮ ಛತ್ರದಲ್ಲಿ ನಡೆದುಕೊಂಡಂತೆ ಅಲ್ಲಿಯೂ ನಡೆದುಕೊಂಡರಾಯಿತು ಎಂಬುದಿನ್ನೊಂದು. ಇವೆರಡರಲ್ಲಿ ಎರಡನೆಯದೇ ಅಪಾಯಕರವೆಂದು ನನ್ನ ಎಣಿಕೆ. ಏಕೆಂದರೆ ಅಪರಿಚಿತವಾದುದರ ಮುಂದೆ ಮನುಷ್ಯನು ಎಚ್ಚರದಿಂದ ಹೆಜ್ಜೆಯಿಡುತ್ತಾನೆ, ಪರಿಚಿತವೆಂದು ತೋರಿದ ಹೊಸ್ತಿಲನ್ನೇ ಎಡವುತ್ತಾನೆ. ವಿಯೆಟ್ನಾಮಿನಲ್ಲಿ ಅಧಿಕೃತವಾಗಿ ಗಣನೆಗೆ ಬಂದಿರುವ ಜನಾಂಗಗಳೇ 54 ಇರುವುದರಿಂದ, ಮುಂದೆ ಹೇಳುವುದೆಲ್ಲ ಬಹುಸಂಖ್ಯಾತರಾದ ಕಿನ್ ಜನರ ಪದ್ಧತಿಯೆಂದು ತಿಳಿಯಬೇಕು. ಅದರಲ್ಲಿಯೂ ಹನೋಯಿಗೂ ಸೈಗಾನಿಗೂ ಎಷ್ಟೋ ವ್ಯತ್ಯಾಸಗಳುಂಟು.

ದೀಪಾಲಂಕೃತ ಭವನದಲ್ಲಿ ಸಂಜೆ ನಡೆಯುವ ಔತಣವೇ ಮದುವೆಯೆಂಬುದು ಇಂಥ ತಪ್ಪುಗ್ರಹಿಕೆಗಳಲ್ಲಿ ಮೊದಲನೆಯದು. ಪರದೇಶದ ಅತಿಥಿಗೆ ಕಾಣಸಿಗುವುದು ಬಹುಮಟ್ಟಿಗೆ ಅದೊಂದೇ ಆದುದರಿಂದ, ಬಿಳಿಯ ನಿಲುವಂಗಿಯ ವಧು ವೇದಿಕೆಯೇರಿ, ಹಲವು ಅಂತಸ್ತಿನ ಕೇಕಿಗೆ ಚೂರಿಯಿಟ್ಟು, ಗೋಪುರಾಕಾರವಾಗಿ ಜೋಡಿಸಿದ ಗಾಜಿನ ಬಟ್ಟಲುಗಳ ಮೇಲೆ ಷಾಂಪೇನನ್ನು ಸುರಿಯುವುದನ್ನು ನೋಡಿ, ಈ ಜನ ತಮ್ಮದನ್ನೆಲ್ಲ ಕಳೆದುಕೊಂಡು ಪಾಶ್ಚಾತ್ಯರಾಗಿಬಿಟ್ಟರಲ್ಲಾ ಎಂದು ಅವನು ನಿಟ್ಟುಸಿರು ಬಿಡುತ್ತಾನೆ. ಆ ಕೇಕು ಎಷ್ಟೋ ವೇಳೆ ಬರಿಯ ನೋಟಕ್ಕೆ ನಿಲ್ಲಿಸಿದ ಹುಸಿ ಕೇಕೆಂಬುದನ್ನಾಗಲಿ, ಆ ವೇದಿಕೆಯ ವೈಭವವೆಲ್ಲ ನೆರೆದವರ ಮುಂದಿನ ಸಾರೋಣವೇ ಹೊರತು ಸಂಸ್ಕಾರವಲ್ಲವೆಂಬುದನ್ನಾಗಲಿ ಅವನು ಅರಿಯನು. ಕಾನೂನಿನ ಕಣ್ಣಿಗೆ ವಿವಾಹವೆಂಬುದು ಸ್ಥಳೀಯ ಜನಸಮಿತಿಯ ಕಚೇರಿಯಲ್ಲಿ ಆಗುವ ನೋಂದಣಿ. ಕುಲದ ಕಣ್ಣಿಗೆ ಅದು ಮನೆಯೊಳಗಿನ ಪಿತೃಪೀಠದ ಮುಂದೆ, ಧೂಪದ ಕಡ್ಡಿ ಹಚ್ಚಿ, ಗತಿಸಿದ ಹಿರಿಯರಿಗೆ ಸೊಸೆಯನ್ನೋ ಅಳಿಯನನ್ನೋ ಒಪ್ಪಿಸುವ ಕಾರ್ಯ. ಅದು ಔತಣಕ್ಕೆ ಮುಂಚೆಯೇ, ಪಂಚಾಂಗ ನೋಡಿ ಗೊತ್ತುಪಡಿಸಿದ ಶುಭಗಳಿಗೆಯಲ್ಲಿ, ಕೆಂಪು ಆವ್ ಯಾಯ್ (ಅಲ್ಲಿಯ ಸಾಂಪ್ರದಾಯಿಕ ಉದ್ದಂಗಿ) ತೊಟ್ಟ ವಧುವಿನ ಮನೆಯಲ್ಲಿ ಮುಗಿದಿರುತ್ತದೆ. ಅಲ್ಲಿ ಮಂತ್ರ ಹೇಳಲು ಪುರೋಹಿತನಾಗಲಿ ಭಿಕ್ಷುವಾಗಲಿ ಬೇಕಿಲ್ಲ, ಮನೆಯ ಹಿರಿಯರೇ ಸಾಕು; ಕೆಥೊಲಿಕರು ಮಾತ್ರ ಚರ್ಚಿಗೆ ಹೋಗುತ್ತಾರೆ, ಬೌದ್ಧರಲ್ಲಿಯೂ ಕೆಲವರು ಇಷ್ಟಪಟ್ಟು ವಿಹಾರದಲ್ಲಿ ಆಶೀರ್ವಾದ ಪಡೆಯುತ್ತಾರೆ.

ಈ ಕಾರ್ಯಕ್ಕೆ ಮುಂಚಿನ ನಿಶ್ಚಿತಾರ್ಥದ ದಿನ ವರನ ಕಡೆಯವರು ಕೆಂಪು ವಸ್ತ್ರ ಹೊದಿಸಿದ ಹರಿವಾಣಗಳನ್ನು ಹೊತ್ತು ಬರುತ್ತಾರೆ: ಉತ್ತರದಲ್ಲಿ ಅವುಗಳ ಸಂಖ್ಯೆ ಬೆಸವಾಗಿರಬೇಕು, 5, 7 ಅಥವಾ 9, ದಕ್ಷಿಣದಲ್ಲಿ ಸಮವಾಗಿರಬೇಕು, 6 ಅಥವಾ 8. ಚಹಾ, ಮದ್ಯ, ಹಣ್ಣು, ಸಿಹಿತಿನಿಸು ಎಲ್ಲವೂ ಇರುತ್ತವೆಯಾದರೂ ಅಗ್ರಪೂಜೆ ಸಲ್ಲುವುದು ವೀಳ್ಯದೆಲೆಗೂ ಅಡಕೆಯ ಗೊನೆಗೂ. ಶಿವಮೊಗ್ಗೆಯ ಅಥವಾ ಶಿರಸಿಯ ಕಡೆಯ ಅತಿಥಿ ಇದನ್ನು ಕಂಡು ಬೆರಗಾಗದಿರನು. ಈ ಎಲೆಯಡಕೆಯ ಬಗ್ಗೆ ತಾನ್, ಲಾಂಗ್ ಎಂಬ ಇಬ್ಬರು ಅಣ್ಣತಮ್ಮಂದಿರ ಹಳೆಯ ಕಥೆಯೊಂದು ಅಲ್ಲಿಯ ಮಕ್ಕಳಿಗೂ ಬರುತ್ತದೆ. ಅಣ್ಣನಿಗೆ ಮದುವೆಯಾದ ಮೇಲೆ ಅವನ ಅಕ್ಕರೆ ತನಗೆ ತಪ್ಪಿತೆಂದು ನೊಂದ ತಮ್ಮ ಮನೆ ಬಿಟ್ಟು ಹೊರಟು ನದೀತೀರದಲ್ಲಿ ಸುಣ್ಣದ ಕಲ್ಲಾದನಂತೆ. ಅವನನ್ನು ಅರಸಿ ಬಂದ ಅಣ್ಣ ಆ ಕಲ್ಲಿನ ಪಕ್ಕದಲ್ಲಿ ಅಡಕೆಯ ಮರವಾದನಂತೆ. ಗಂಡನನ್ನು ಅರಸಿ ಬಂದ ಹೆಂಡತಿ ಆ ಮರವನ್ನು ತಬ್ಬಿ ವೀಳ್ಯದ ಬಳ್ಳಿಯಾದಳಂತೆ. ಮೂರನ್ನೂ ಕೂಡಿ ಅಗಿದಾಗ ಬರುವ ಕೆಂಪು ಅವರ ಅನುರಾಗದ ಬಣ್ಣ. ನಾವು ಸಾವಿರಾರು ವರುಷ ಎಲೆಯಡಕೆಗೆ ಸುಣ್ಣ ಹಚ್ಚಿಯೂ ಆ ಸುಣ್ಣದಲ್ಲಿ ಇಷ್ಟು ದುಃಖವಿರಬಹುದೆಂದು ಊಹಿಸಿದ್ದೆವೇ?

ಇನ್ನು ಉಡುಗೊರೆಯ ವಿಷಯ. ಬಣ್ಣದ ಕಾಗದದಲ್ಲಿ ಸುತ್ತಿದ ಗಡಿಯಾರವನ್ನೋ ಊಟದ ತಟ್ಟೆಗಳ ಸೆಟ್ಟನ್ನೋ ಒಯ್ಯುವುದು ಗೌರವ, ಹಣ ಕೊಡುವುದು ಒರಟುತನವೆಂದು ಅನೇಕರು ನಂಬಿರುತ್ತಾರೆ. ಭವನದ ಬಾಗಿಲಲ್ಲಿ, ಹೃದಯಾಕಾರದ ಒಂದು ಕೆಂಪು ಪೆಟ್ಟಿಗೆಯನ್ನು ಇಟ್ಟಿರುವುದನ್ನೂ, ಬಂದವರೆಲ್ಲ ಅದರ ಸೀಳಿನೊಳಕ್ಕೆ ಲಕೋಟೆಗಳನ್ನು ಇಳಿಸುತ್ತಿರುವುದನ್ನೂ ಕಂಡಾಗ ಇವರಿಗೆ ಅದು ಪ್ರವೇಶಧನದಂತೆ ತೋರಿ ಮನಸ್ಸು ಮುದುಡುತ್ತದೆ. ಹಳೆಯ ಮೈಸೂರಿನ ಹಳ್ಳಿಯ ಯಾವ ಅಜ್ಜಿಯನ್ನು ಕೇಳಿದರೂ ಇದರ ಹೆಸರು ಹೇಳಿಯಾಳು: ಇದು ಮುಯ್ಯಿ. ನಮ್ಮಲ್ಲಿ ಯಾರು ಎಷ್ಟು ಓದಿಸಿದರೆಂದು ಬರೆದಿಟ್ಟುಕೊಂಡು ಅವರ ಮನೆಯ ಕಾರ್ಯಕ್ಕೆ ಹಿಂತಿರುಗಿಸುವಂತೆಯೇ, ಅಲ್ಲಿಯೂ ಔತಣ ಮುಗಿದ ರಾತ್ರಿ ಲಕೋಟೆಗಳನ್ನು ಬಿಡಿಸಿ ಹೆಸರು ಮೊತ್ತಗಳನ್ನು ಪಟ್ಟಿಮಾಡಿ, ಮುಂದೆ ಆ ಮನೆಯಲ್ಲಿ ಮದುವೆಯಾದಾಗ ಅದಕ್ಕೆ ಕಡಮೆಯಾಗದಂತೆ ಸಲ್ಲಿಸುತ್ತಾರೆ. ಆದುದರಿಂದಲೇ ಲಕೋಟೆಯ ಮೇಲೆ ಹೆಸರು ಬರೆಯುವುದು ಜಂಬವಲ್ಲ, ಬರೆಯದಿರುವುದು ತೊಂದರೆ. ಕರೆಯೋಲೆ ಬಂದ ಲಕೋಟೆಯಲ್ಲಿಯೇ ಹಣವನ್ನಿಟ್ಟು ಹಿಂತಿರುಗಿಸುವುದೂ ತಪ್ಪಲ್ಲ; ಬರಲಾಗದವರು ಬರುವವರ ಕೈಯಲ್ಲಿ ಲಕೋಟೆ ಕಳುಹುವುದೂ ರೂಢಿ. ಎಷ್ಟಿಡಬೇಕೆಂಬುದಕ್ಕೆ ಸ್ನೇಹದ ಆಳ, ಭವನದ ಠೀವಿ, ಜೊತೆಗೆ ಬಂದವರ ಸಂಖ್ಯೆ ಇವು ಅಳತೆಗೋಲುಗಳು. ನಗರದ ಸಹೋದ್ಯೋಗಿಗಳಲ್ಲಿ ತಲೆಗೊಂದು 5,00,000 ದೋಂಗಿನ ನೋಟು, ಅಂದರೆ ಅಲ್ಲಿ ಚಲಾವಣೆಯಲ್ಲಿರುವ ಅತಿ ದೊಡ್ಡ ನೋಟು, ಸಾಮಾನ್ಯ. ನಮ್ಮವರು 101, 501 ಎಂದು ಒಂದನ್ನು ಸೇರಿಸುವ ಅಭ್ಯಾಸದಿಂದ ಅಲ್ಲಿಯೂ ಒಂದು ದೋಂಗಿಗಾಗಿ ಜೇಬು ತಡಕಬೇಕಾಗಿಲ್ಲ: ಆ ನಾಣ್ಯವೇ ಬಳಕೆಯಲ್ಲಿಲ್ಲ, ಮತ್ತು ಮದುವೆಯಲ್ಲಿ ಜೋಡಿಯಾಗಿರುವುದೇ ಶುಭವೆಂದು ಅವರ ನಂಬಿಕೆ.

ಕಾಲದ ವಿಷಯದಲ್ಲಿ ಅವರು ಎರಡು ಗಡಿಯಾರಗಳನ್ನು ಇಟ್ಟುಕೊಂಡಿದ್ದಾರೆ. ವಧುವನ್ನು ಮನೆಯಿಂದ ಹೊರಡಿಸುವ ಗಳಿಗೆ ನಿಮಿಷವೂ ಜಾರಬಾರದು. ಔತಣದ ಗಳಿಗೆಯಾದರೋ, ಅದಕ್ಕೆ ಅವರೇ ಇಟ್ಟಿರುವ ಹೆಸರು ರಬ್ಬರು ಕಾಲ. ಕರೆಯೋಲೆಯಲ್ಲಿ 6 ಗಂಟೆಯೆಂದಿದ್ದರೆ ಸೈಗಾನಿನಲ್ಲಿ ಮೊದಲ ತಟ್ಟೆ ಮೇಜಿಗೆ ಬರುವುದು 7ರ ಮೇಲೆಯೇ.

ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಅತಿಥಿಯೂ ಆವ್ ಯಾಯ್ ಧರಿಸಬೇಕೆಂಬ ನಿಯಮವೇನೂ ಇಲ್ಲ; ಸೀರೆಯುಟ್ಟು ಹೋದವರನ್ನು ಎಲ್ಲರೂ ಸಂತೋಷದಿಂದ ನೋಡುತ್ತಾರೆ. ಬಿಳಿ ಅಲ್ಲಿಯ ಹಳೆಯ ಸೂತಕದ ಬಣ್ಣವಾದರೂ ಇಂದು ವಧುವೇ ಭವನದಲ್ಲಿ ಬಿಳಿಯುಡುತ್ತಾಳೆ. ಆ ಎರಡು ಕಾರಣಗಳಲ್ಲಿ ಯಾವುದನ್ನು ಹಿಡಿದರೂ ಅತಿಥಿ ಅಡಿಯಿಂದ ಮುಡಿಯವರೆಗೆ ಬಿಳಿಯುಡುವುದು ತರವಲ್ಲ.

ಊಟದ ಬಗ್ಗೆ ನಮ್ಮ ಸಸ್ಯಾಹಾರಿಗಳಿಗಿರುವ ಭಯ ನಿರಾಧಾರವಲ್ಲವಾದರೂ ಅತಿಶಯೋಕ್ತಿಯದು. ದಕ್ಷಿಣದಲ್ಲಿ 10 ಜನರ ದುಂಡು ಮೇಜಿಗೆ ತಟ್ಟೆಗಳು ಒಂದಾದಮೇಲೊಂದು ಬರುತ್ತವೆ, ಏಡಿಯ ಸೂಪು, ಕೋಳಿ, ಸೀಗಡಿ ಎಂದು. ಮೀನಿನ ರಸವಾದ ನೂಕ್ ಮಾಮ್ ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲವೆಂದು ಹೇಳುವುದು ಕಷ್ಟ. ಆದರೆ ಸಸ್ಯಾಹಾರವೆಂಬುದು ಆ ದೇಶಕ್ಕೆ ಹೊಸತೆಂದು ತಿಳಿಯುವುದು ಶುದ್ಧ ಅಜ್ಞಾನ. ಅಲ್ಲಿಯ ಮಹಾಯಾನ ಬೌದ್ಧಸಂಪ್ರದಾಯದಲ್ಲಿ ಭಿಕ್ಷುಗಳು ಮಾಂಸ ಮುಟ್ಟುವವರಲ್ಲ. ಗೃಹಸ್ಥರಲ್ಲಿ ಎಷ್ಟೋ ಮಂದಿ ಚಾಂದ್ರಮಾಸದ 1ನೆಯ ಮತ್ತು 15ನೆಯ ದಿನಗಳಲ್ಲಿ ಅದನ್ನು ವರ್ಜಿಸುತ್ತಾರೆ. ಆ ವ್ರತದೂಟಕ್ಕೆ ಅವರು ಹೇಳುವ ಹೆಸರು 'ಚಾಯ್'. ಕೆಲವು ದಿನ ಮುಂಚೆಯೇ 'ಆನ್ ಚಾಯ್' ಎಂದು ತಿಳಿಸಿದರೆ ತೋಫು ಅಣಬೆಗಳ ತಟ್ಟೆ ಪ್ರತ್ಯೇಕವಾಗಿ ಬಂದೀತು. ಚಹಾ ಬಂದೀತೆಂದು ಮಾತ್ರ ನಿರೀಕ್ಷಿಸಬಾರದು.

ಹಾಗೆಯೇ, 'ಮೊಟ್, ಹಾಯ್, ಬಾ, ಯೋ!' ಎಂದು ಮೂರೆಣಿಸಿ ಮೇಜಿಗೆ ಮೇಜೇ ಎದ್ದು ಕೂಗುವಾಗ ಲೋಟವನ್ನು ಬರಿದುಮಾಡದಿದ್ದರೆ ಅವಮಾನವೆಂಬುದೂ ಒಂದು ಕಲ್ಪನೆ. ಎದ್ದು ನಿಲ್ಲುವುದು, ಹಿರಿಯರ ಲೋಟಕ್ಕಿಂತ ತನ್ನದನ್ನು ತುಸು ತಗ್ಗಿಸಿ ತಾಗಿಸುವುದು, ಇವು ಮರ್ಯಾದೆ. ಅದರೊಳಗೆ ಐಸ್ ಹಾಕಿದ ಬಿಯರಿದೆಯೋ ಬರಿಯ ನೀರಿದೆಯೋ ಎಂದು ಯಾರೂ ಇಣುಕುವುದಿಲ್ಲ. ನಮ್ಮಲ್ಲಿ ವಧೂವರರು ವೇದಿಕೆಯಲ್ಲಿ ನಿಂತು ಅತಿಥಿಗಳು ಸಾಲುಗಟ್ಟುತ್ತಾರಷ್ಟೆ. ಅಲ್ಲಿ ಅವರೇ ತಂದೆತಾಯಿಗಳೊಡನೆ ಮೇಜಿನಿಂದ ಮೇಜಿಗೆ ಬರುತ್ತಾರೆ, ಪಾಪ, ಒಂದು ತುತ್ತೂ ತಿನ್ನದೆ. ಅವರು ತನ್ನ ಮೇಜಿಗೆ ಬಂದು ಹೋಗುವ ಮೊದಲೇ ಎದ್ದವನು ಮಾತ್ರ ನಿಜವಾಗಿಯೂ ಅಸಭ್ಯನು.

ಕೊನೆಗೆ ಕುದಿಯುವ ಸಾರಿನ ಪಾತ್ರೆ (ಹಾಟ್‌ಪಾಟ್) ಮೇಜಿಗೆ ಬಂದಿತೆಂದರೆ ಸಮಾಪ್ತಿ ಸಮೀಪಿಸಿತೆಂದರ್ಥ. ಹಣ್ಣು ಮುಗಿಯುವಷ್ಟರಲ್ಲಿ ಭವನವೇ ಬರಿದಾಗತೊಡಗುತ್ತದೆ. ಇಷ್ಟು ಬೇಗ ಏಕೆ, ಏನಾದರೂ ಜಗಳವಾಯಿತೇ ಎಂದು ಹೊಸಬನು ಗಾಬರಿಗೊಳ್ಳುತ್ತಾನೆ. ಬಾಗಿಲಲ್ಲಿ ಹಿರಿಯರು ಬೀಳ್ಕೊಡುತ್ತಿರುವಾಗ, ಅಭ್ಯಾಸಬಲದಿಂದ ಅವನ ಕಣ್ಣು ತಾಂಬೂಲದ ಚೀಲವನ್ನು ಹುಡುಕುತ್ತದೆ. ಅಲ್ಲಿ ಅದಿಲ್ಲ. ನಿಶ್ಚಿತಾರ್ಥದ ದಿನ ವರನ ಕಡೆಯಿಂದ ಬಂದ ಎಲೆಯಡಕೆಯಲ್ಲಿ ಒಂದು ಪಾಲನ್ನು ಆಗಲೇ ಅವರಿಗೆ ಮರಳಿಸಿ, ಉಳಿದುದನ್ನು ವಧುವಿನ ಮನೆಯವರು ನೆಂಟರಿಷ್ಟರ ಮನೆಮನೆಗೆ ಹಂಚಿರುತ್ತಾರೆ: ನಮ್ಮಲ್ಲಿ ಬೀಳ್ಕೊಡುಗೆಯಾದ ತಾಂಬೂಲ ಅಲ್ಲಿ ಕರೆಯೋಲೆ. ಆ ಪಾಲು ಮಾಡುವಾಗ ಅಡಕೆಯ ಗೊನೆಗೆ ಕತ್ತಿಯನ್ನಾಗಲಿ ಕತ್ತರಿಯನ್ನಾಗಲಿ ತಾಗಿಸುವಂತಿಲ್ಲ. ಸಂಬಂಧ ಕಡಿದೀತೆಂಬ ಭಯದಿಂದ, ಕಾಯಿಗಳನ್ನು ಕೈಯಿಂದಲೇ ಕಿತ್ತು ಬಿಡಿಸುತ್ತಾರೆ.