ಹಳೆ ಗೋವೆಗೆ ಮೂರು ದಿನ

ಸಂತ ಫ್ರಾನ್ಸಿಸ್ ಝೇವಿಯರರ ಸನ್ನಿಧಿಗೆಂದು ಹಳೆ ಗೋವೆಗೆ ಹೋಗಿ ಬರುವುದು ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಹೊಸತೇನಲ್ಲ. ರಾತ್ರಿಯ ಬಸ್ಸನ್ನೇರಿ, ಮುಂಜಾನೆ ಬಸಿಲಿಕದ ಬಲಿಪೂಜೆಯಲ್ಲಿ ಪಾಲ್ಗೊಂಡು, ಎದುರಿನ ಪ್ರಧಾನಾಲಯಕ್ಕೆ ಒಂದು ಸುತ್ತು ಬಂದು, ಮಧ್ಯಾಹ್ನದ ಹೊತ್ತಿಗೆ ಕಡಲತೀರದತ್ತ ತೆರಳುವುದು ರೂಢಿಯಾಗಿದೆ. ಹರಕೆ ಸಂದಾಯವಾಗುತ್ತದೆ, ನಿಜ. ಆದರೆ ನಮ್ಮಲ್ಲಿ ಅನೇಕರ ಪೂರ್ವಜರು ಬಿಟ್ಟು ಬಂದ ನಾಡಿನ ರಾಜಧಾನಿಯನ್ನು ಕಂಡಂತಾಗುವುದಿಲ್ಲ. ಮನೆಯ ಹಿರಿಯರ ಪಾಲಿಗೆ ಇದು ಕೊನೆಯ ದೂರಪ್ರಯಾಣವಾಗಿರಬಹುದು. ಮಕ್ಕಳ ಪಾಲಿಗೆ ತಮ್ಮ ಮನೆತನದ ಕಥೆಯನ್ನು ಕಣ್ಣಾರೆ ಕಾಣುವ ಮೊದಲ ಅವಕಾಶವಾಗಿರಬಹುದು. ಆದುದರಿಂದ ಮೂರು ದಿನಗಳನ್ನಾದರೂ ಮೀಸಲಿಟ್ಟು ಹೊರಡುವುದು ಲೇಸು.

ಹೊರಡುವ ಮುನ್ನ ಒಂದು ವಿಷಯ ಮನೆಯಲ್ಲಿಯೇ ಇತ್ಯರ್ಥವಾಗಬೇಕು. ಸಂತರ ಪಾರ್ಥಿವ ಶರೀರದ ಸಾರ್ವಜನಿಕ ದರ್ಶನ ನಡೆಯುವುದು ಹತ್ತು ವರ್ಷಗಳಿಗೊಮ್ಮೆ ಮಾತ್ರ. ಈಚಿನದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ಉಳಿದ ದಿನಗಳಲ್ಲಿ ಭಕ್ತರಿಗೆ ಕಾಣುವುದು ಎತ್ತರದ ಸಮಾಧಿಯ ಮೇಲಿರುವ ಬೆಳ್ಳಿಯ ಪೆಟ್ಟಿಗೆ. ಇದನ್ನರಿಯದೆ ಬಂದ ಅಜ್ಜಿಯಂದಿರು ಕತ್ತೆತ್ತಿ ನೋಡಿ ನಿರಾಶರಾಗುವುದುಂಟು. ಮೊದಲೇ ತಿಳಿಸಿ ಕರೆದೊಯ್ದರೆ ಆ ನೋವು ತಪ್ಪುತ್ತದೆ. ದರ್ಶನದ ಕಾಲದಲ್ಲಿ ಜನಸಾಗರದ ನಡುವೆ ನಗರವನ್ನು ನೋಡುವುದು ಅಸಾಧ್ಯವೇ ಸರಿ. ನಗರವನ್ನೂ ನೋಡಬೇಕೆನ್ನುವವರಿಗೆ ಸಾಮಾನ್ಯ ದಿನಗಳೇ ಉತ್ತಮ. ಡಿಸೆಂಬರ್ 3ರ ಹಬ್ಬ ಹಾಗೂ ಅದರ ಹಿಂದಿನ ನೊವೇನಾ ದಿನಗಳಲ್ಲಿಯೂ ನೂಕುನುಗ್ಗಲು ಇದ್ದೇ ಇರುತ್ತದೆ. ಶಾಲಾಮಕ್ಕಳಿರುವ ಮನೆಯವರಿಗೆ ಅಕ್ಟೋಬರದ ದಸರಾ ರಜೆ ಅನುಕೂಲ. ಆ ವೇಳೆಗೆ ಮಳೆಯ ಆರ್ಭಟವೂ ಇಳಿದಿರುತ್ತದೆ.

ಹೆಸರಿನ ಗೊಂದಲವೊಂದಿದೆ. ಹಳೆ ಗೋವೆ ಇರುವುದು ಪಣಜಿಯಿಂದ ಪೂರ್ವಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ, ಮಾಂಡೋವಿ ನದಿಯ ದಡದಲ್ಲಿ. ಪಣಜಿಯ ದಕ್ಷಿಣಕ್ಕೆ ಹೆದ್ದಾರಿಯಲ್ಲಿ 'ಗೋವಾ ವೆಲ್ಹಾ' ಎಂಬ ಬೇರೆಯೇ ಊರಿದೆ. ಪೋರ್ಚುಗೀಸ್ ಭಾಷೆಯಲ್ಲಿ ಅದರ ಅರ್ಥವೂ ಹಳೆ ಗೋವೆ ಎಂದೇ. ಬಾಡಿಗೆ ಕಾರಿನವರೊಡನೆ ಮಾತನಾಡುವಾಗ ಬಸಿಲಿಕದ ಹೆಸರನ್ನೇ ಹೇಳುವುದು ಕ್ಷೇಮ. ರೈಲಿನಲ್ಲಿ ಬರುವವರಿಗೆ ಕರ್ಮಳಿ ನಿಲ್ದಾಣ ಹತ್ತಿರದ್ದು. ಅಲ್ಲಿ ನಿಲ್ಲದ ಗಾಡಿಯಾದರೆ ಮಡಗಾಂವಿನಲ್ಲಿಳಿದು ಹೋಗಬಹುದು. ಹಳೆ ಗೋವೆಗಿಂತ ಪಣಜಿಯಲ್ಲಿ ತಂಗುವುದು ಸುಲಭ. ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆಯಾದುದರಿಂದ ಅಂದು ಪ್ರಯಾಣ ಮಾಡಿ, ಶನಿವಾರ, ಭಾನುವಾರ, ಸೋಮವಾರಗಳನ್ನು ನೋಟಕ್ಕೆ ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಮೊದಲ ದಿನ ಬಸಿಲಿಕಕ್ಕೆ ಬೆಳಿಗ್ಗೆ ಬೇಗನೆ ಹೋಗಬೇಕು. 'ಬೊಂ ಜೆಜು', ಅಂದರೆ ಬಾಲಯೇಸುವಿಗೆ ಅರ್ಪಿತವಾದ ಈ ದೇವಾಲಯದ ಕೆಲಸ 1594ರಲ್ಲಿ ಆರಂಭವಾಗಿ 1605ರಲ್ಲಿ ಪವಿತ್ರೀಕರಣ ನಡೆಯಿತು. ಸಂತರು ಗೋವೆಗೆ ಬಂದುದು 1542ರಲ್ಲಿ, ಚೀನದ ತೀರದ ಸಾನ್ಸಿಯನ್ ದ್ವೀಪದಲ್ಲಿ ಮರಣಿಸಿದ್ದು 1552ರಲ್ಲಿ; ಅವರ ಶರೀರ ಮಲಾಕ್ಕಾದ ಮೂಲಕ ಇಲ್ಲಿಗೆ ತಲುಪಿದ್ದು 1554ರಲ್ಲಿ. ಬೆಳ್ಳಿಯ ಪೆಟ್ಟಿಗೆ ಗೋವೆಯ ಅಕ್ಕಸಾಲಿಗರ ಕೈಚಳಕ. ಅದರ ಕೆಳಗಿರುವ ಅಮೃತಶಿಲೆಯ ಸಮಾಧಿ ಇಟಲಿಯ ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಅವರ ಕಾಣಿಕೆ. ಫ್ಲಾರೆನ್ಸಿನ ಶಿಲ್ಪಿ ಫೊಗ್ಗಿನಿಯ ಕೃತಿ, ಇಲ್ಲಿ ಸ್ಥಾಪನೆಗೊಂಡದ್ದು 1698ರಲ್ಲಿ. ಅದರ ಸುತ್ತ ಕಂಚಿನ ಫಲಕಗಳಲ್ಲಿ ಸಂತರ ಜೀವನಪ್ರಸಂಗಗಳಿವೆ. ಜನ ಪೆಟ್ಟಿಗೆಯನ್ನಷ್ಟೇ ನೋಡಿ ಮುಂದೆ ಸಾಗುವುದರಿಂದ ಈ ಫಲಕಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೊರಬಂದು ಗೋಡೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮ ಮನೆಗಳಿಗೆ ಬಳಸುವ ಮುರಕಲ್ಲೇ ಅದು. ಮುರಕಲ್ಲಿಗೆ ಸುಣ್ಣದ ಗಾರೆಯ ಹೊದಿಕೆ ಬೇಕೆಂಬುದನ್ನು ಕರಾವಳಿಯ ಯಾವ ಮೇಸ್ತ್ರಿಯೂ ಬಲ್ಲ. ಬಸಿಲಿಕಕ್ಕೂ ಅದಿತ್ತು. 1950ರ ದಶಕದಲ್ಲಿ ಪೋರ್ಚುಗೀಸ್ ಆಡಳಿತದ ಕಾಲದ ಜೀರ್ಣೋದ್ಧಾರದಲ್ಲಿ, ಕಟ್ಟಡ ಪುರಾತನವಾಗಿ ಕಾಣಲೆಂದು ಗಾರೆಯನ್ನು ಕಿತ್ತು ಹಾಕಲಾಯಿತು. ಅಂದಿನಿಂದ ಪ್ರತಿ ಮಳೆಗಾಲದ ನೀರೂ ಬರಿಯ ಕಲ್ಲನ್ನು ತಿನ್ನುತ್ತಿದೆ. ಗಾರೆಯನ್ನು ಮತ್ತೆ ಬಳಿಯಬೇಕೆಂಬವರು ಒಂದು ಕಡೆ. ಜನರಿಗೆ ಪರಿಚಿತವಾದ ಕೆಂಪು ರೂಪವನ್ನು ಬದಲಿಸಬಾರದೆಂಬವರು ಇನ್ನೊಂದು ಕಡೆ. 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ದೇವಾಲಯಕ್ಕೆ ಈ ಗತಿಯೇ ಎಂದು ಮರುಗುವವರೊಡನೆ ನಾನೂ ಒಬ್ಬ. ಚಿತ್ರಗಳಲ್ಲಿ ಸೊಗಸಾಗಿ ಕಾಣುವುದಕ್ಕಿಂತ ಗೋಡೆ ಉಳಿಯುವುದು ದೊಡ್ಡದು.

ರಸ್ತೆಯಾಚೆಯ ಪ್ರಧಾನಾಲಯ ಸಂತ ಕತ್ರೀನಳಿಗೆ ಅರ್ಪಿತ. 1510ರ ನವೆಂಬರ್ 25ರಂದು, ಆ ಸಂತಳ ಹಬ್ಬದ ದಿನವೇ, ಅಲ್ಬುಕರ್ಕ್ ಬಿಜಾಪುರದ ಆದಿಲಶಾಹಿಗಳಿಂದ ಈ ನಗರವನ್ನು ಕಸಿದುಕೊಂಡ. ಆ ಗೆಲುವಿನ ಬೆನ್ನಿಗೆ ಮುಸಲ್ಮಾನ ನಿವಾಸಿಗಳ ಕಗ್ಗೊಲೆ ನಡೆಯಿತೆಂಬುದನ್ನು ಮಕ್ಕಳಿಂದ ಮರೆಮಾಚಬೇಕಾಗಿಲ್ಲ. ಪ್ರಧಾನಾಲಯದ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದುಹೋಯಿತು. ಉಳಿದುದರಲ್ಲಿ 'ಚಿನ್ನದ ಘಂಟೆ' ಎಂದು ಹೆಸರಾದ ದೊಡ್ಡ ಘಂಟೆಯಿದೆ. ಅದರ ಪಕ್ಕದಲ್ಲಿಯೇ ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯ. ಅದಕ್ಕೆ ಹೊಂದಿದ ಮಠದಲ್ಲಿ ವಸ್ತುಸಂಗ್ರಹಾಲಯ. ಪೋರ್ಚುಗೀಸ್ ವೈಸ್‌ರಾಯ್‌ಗಳ ಚಿತ್ರಗಳ ಸಾಲಿನ ಜೊತೆಗೆ ಕದಂಬರ ಕಾಲದ ಶಿಲ್ಪಗಳೂ ವೀರಗಲ್ಲುಗಳೂ ಇಲ್ಲಿವೆ. ಕನ್ನಡನಾಡಿನವರಿಗೆ ಇಲ್ಲಿ ಅರ್ಧ ಗಂಟೆ ಸಾಲದು.

ಪ್ರಧಾನಾಲಯದ ಸುತ್ತಲ ಬಯಲಿನಲ್ಲಿಯೇ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣಾ ನ್ಯಾಯಾಲಯದ ಅರಮನೆಯಿತ್ತು. ಇಂದು ಅದರ ಕುರುಹಿಲ್ಲ. 1560ರಲ್ಲಿ ಆರಂಭವಾದ ಈ ನ್ಯಾಯಾಲಯ ನಡುವೆ ಕೆಲವು ವರ್ಷ ನಿಂತುಹೋಗಿ, ಮತ್ತೆ ನಡೆದು, 1812ರಲ್ಲಿ ಕೊನೆಗೊಂಡಿತು. ದೀಕ್ಷಾಸ್ನಾನ ಪಡೆದ ಗೋವೆಯ ಜನ ತಮ್ಮ ಹಳೆಯ ಊಟ, ಉಡುಪು, ಮದುವೆಯ ಪದ್ಧತಿಗಳನ್ನು ಬಿಡಲಾರದೆ ಈ ವಿಚಾರಣೆಗೆ ಹೆದರಿ ದಕ್ಷಿಣಕ್ಕೆ ಸರಿದರು. ಕ್ಷಾಮ, ತೆರಿಗೆ, ಯುದ್ಧಗಳು, ಅದರಲ್ಲಿಯೂ 1683ರ ಮರಾಠರ ದಾಳಿ ಇನ್ನಷ್ಟು ಮಂದಿಯನ್ನು ಹೊರಡಿಸಿದವು. ಬೇಸಾಯಗಾರರಾದ ಇವರಿಗೆ ಕೆಳದಿಯ ನಾಯಕರು ಕೆನರಾದಲ್ಲಿ ನೆಲೆ ನೀಡಿದರು. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕಥೋಲಿಕರ ಮನೆಗಳ ಮೂಲ ಇಲ್ಲಿದೆ. ಸಂತರ ಸಮಾಧಿಗೂ ಈ ಬರಿಯ ಬಯಲಿಗೂ ನಡುವೆ ಕೆಲವೇ ನಿಮಿಷಗಳ ನಡಿಗೆ. ಎರಡನ್ನೂ ಒಂದೇ ದಿನ ಮಕ್ಕಳಿಗೆ ತೋರಿಸಲು ಹಿರಿಯರು ಹಿಂಜರಿಯಬಾರದೆಂದು ನನ್ನ ಅಭಿಪ್ರಾಯ.

ಭಾನುವಾರ ಬಲಿಪೂಜೆಯ ಬಳಿಕ ಪಶ್ಚಿಮದ ಗುಡ್ಡವನ್ನೇರಬಹುದು. ಮಂಡಿನೋವಿರುವವರು ವಾಹನದಲ್ಲಿ ಬರುವುದು ಮೇಲು. ಸಂತ ಅಗಸ್ಟೀನರ ದೇವಾಲಯದಲ್ಲಿ ಉಳಿದಿರುವುದು ಸುಮಾರು 46 ಮೀಟರ್ ಎತ್ತರದ ಗೋಪುರದ ಭಾಗ ಮಾತ್ರ. 1835ರಲ್ಲಿ ಸನ್ಯಾಸಿಗಳ ಮಠಗಳನ್ನು ಸರಕಾರ ಮುಚ್ಚಿಸಿದ ಬಳಿಕ ಪಾಳುಬಿದ್ದ ಈ ಕಟ್ಟಡದ ಚಾವಣಿ 1842ರಲ್ಲಿ ಕುಸಿಯಿತು. 1624ರಲ್ಲಿ ಪರ್ಶಿಯದಲ್ಲಿ ವಿಶ್ವಾಸಕ್ಕಾಗಿ ಪ್ರಾಣತೆತ್ತ ಜಾರ್ಜಿಯದ ರಾಣಿ ಕೆತೆವಾನಳ ಅಸ್ಥಿ ಈ ಅವಶೇಷಗಳ ನಡುವೆ ದೊರೆಯಿತು. ಭಾರತ ಸರಕಾರ ಅದನ್ನು 2021ರಲ್ಲಿ ಜಾರ್ಜಿಯಕ್ಕೆ ಕಾಣಿಕೆಯಾಗಿ ನೀಡಿತು. ಎದುರಿಗೆ ಸಂತ ಮೋನಿಕಳ ಕನ್ಯಾಮಠ. ಅದರಲ್ಲಿ ಕ್ರೈಸ್ತ ಕಲೆಯ ಸಂಗ್ರಹಾಲಯ. ಇನ್ನೂ ಮುಂದೆ, ನದಿಗೆ ಮುಖಮಾಡಿ, ಜಪಸರ ಮಾತೆಯ ಇಗರ್ಜಿ. ಉಳಿದಿರುವ ದೇವಾಲಯಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಸೇರಿದ ಇದು ಪ್ರವಾಸದ ಬಸ್ಸುಗಳು ತಲುಪದ ತಾಣ. ಹಿರಿಯರು ನೆರಳಲ್ಲಿ ಕುಳಿತು ಒಂದು ಜಪಸರ ಮುಗಿಸುವಷ್ಟು ಮೌನ ಅಲ್ಲಿದೆ.

ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ವಿಶ್ರಾಂತಿಯೇ ಸರಿ. ಸಂಜೆಗೆ ಸಂತ ಕಾಯೇತನರ ದೇವಾಲಯವನ್ನು, ವಾಸ್ಕೊ ಡ ಗಾಮನ ಮರಿಮಗ ಕಟ್ಟಿಸಿದ ವೈಸ್‌ರಾಯ್ ಕಮಾನನ್ನು ನೋಡಿ, ಕಮಾನಿನಾಚೆಯ ಕಟ್ಟೆಯಿಂದ ದಿವಾಡಿ ದ್ವೀಪಕ್ಕೆ ಫೆರಿಯಲ್ಲಿ ಹೋಗಿ ಬರಬಹುದು. ವೈಭವದ ಕಾಲದಲ್ಲಿ ಹಡಗಿನಿಂದಿಳಿದವರು ಕಂಡ ನಗರವನ್ನು ನಾವು ನದಿಯ ನಡುವಿನಿಂದ ನೋಡಿದರೆ ತೆಂಗಿನ ತಲೆಗಳ ಮೇಲೆ ಕೆಲವು ಗೋಪುರಗಳಷ್ಟೇ ಕಾಣುತ್ತವೆ. ಸಾಂಕ್ರಾಮಿಕ ಜ್ವರಗಳು ಜನರನ್ನು ಮತ್ತೆ ಮತ್ತೆ ಕೊಂದುದರಿಂದ ಅಧಿಕಾರಿಗಳು ಪಣಜಿಯತ್ತ ಸರಿದರು. 1843ರಲ್ಲಿ ರಾಜಧಾನಿಯೂ ಅಧಿಕೃತವಾಗಿ ಅಲ್ಲಿಗೆ ಹೋಯಿತು.

ಸೋಮವಾರ ಸಾಮಾನು ಕಟ್ಟಿಕೊಂಡೇ ಹೊರಡಬೇಕು. ದಕ್ಷಿಣದ ಹೆದ್ದಾರಿಯಲ್ಲಿ ಮೊದಲು ಸಿಗುವುದು ಆ ಇನ್ನೊಂದು ಗೋವಾ ವೆಲ್ಹಾ, ಕದಂಬರ ರಾಜಧಾನಿ ಗೋಪಕಪಟ್ಟಣವಿದ್ದ ಪ್ರದೇಶ. ಝುವಾರಿ ಸೇತುವೆ ದಾಟಿದ ಮೇಲೆ ಸಾಂಕ್ವಾಳ. ಸಂತ ಜೋಸೆಫ್ ವಾಜ್ ಅವರ ತಂದೆಯ ಊರು ಇದು. ಅವರು ಹುಟ್ಟಿದ್ದು 1651ರಲ್ಲಿ ಬಾಣಾವಳಿಯಲ್ಲಿ. ಲಂಕೆಗೆ ತೆರಳುವ ಮುನ್ನ, 1681ರಿಂದ 1684ರವರೆಗೆ ಕೆನರಾದಲ್ಲಿ ಅಲೆದು, ಗೋವೆ ಬಿಟ್ಟು ಬಂದ ನಮ್ಮ ಹಿರಿಯರನ್ನು ವಿಶ್ವಾಸದಲ್ಲಿ ನಿಲ್ಲಿಸಿದವರು ಅವರೇ. ಮುಡಿಪುವಿನ ಪುಣ್ಯಕ್ಷೇತ್ರ ಅವರ ನೆನಪಿನದು. 2015ರ ಜನವರಿ 14ರಂದು ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಬಾಣಾವಳಿಯಲ್ಲಿ ಸ್ನಾನಿಕ ಯೊವಾನ್ನರ ಇಗರ್ಜಿಗೆ ಹೋದರೆ ಅವರು ದೀಕ್ಷಾಸ್ನಾನ ಪಡೆದ ಸ್ಥಳವನ್ನು ಕಾಣಬಹುದು. ಅಲ್ಲಿಂದ ಮಡಗಾಂವ್ ನಿಲ್ದಾಣ ದೂರವಿಲ್ಲ. ಸಂಜೆಯ ಗಾಡಿಗೆ ಸಾಕಷ್ಟು ಸಮಯ ಉಳಿಯುತ್ತದೆ.