ಚಿಟ್ಟಾಣಿಯವರಿಗೆ ಬಂತು, ಶಂಭು ಹೆಗಡೆಯವರಿಗೆ ಯಾಕೆ ಬರಲಿಲ್ಲ?

ಮುರ್ಡೇಶ್ವರದಿಂದ ಹೊನ್ನಾವರದ ತನಕ ಎಲ್ಲಿ ಆಟ ಇದ್ದರೂ ಚಾ ಅಂಗಡಿಯ ಮುಂದೆ ಒಂದು ವಾದ ಎದ್ದೇ ಏಳುತ್ತದೆ: ಪದ್ಮಶ್ರೀ ನಿಜವಾಗಿ ಯಾರಿಗೆ ಬರಬೇಕಿತ್ತು? ಹೊಸಾಕುಳಿಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಬಂತು. ಯಕ್ಷಗಾನ ಕಲಾವಿದರೊಬ್ಬರಿಗೆ ಬಂದ ಮೊದಲ ಪದ್ಮಶ್ರೀ ಅದು. ಗುಣವಂತೆಯ ಕೆರೆಮನೆ ಶಂಭು ಹೆಗಡೆಯವರಿಗೆ ಬರಲೇ ಇಲ್ಲ. ವಾದ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಎರಡೂ ಕಡೆಯವರು ಎತ್ತುವ ಮಾತುಗಳಲ್ಲಿ ಅರ್ಧಕ್ಕರ್ಧ ಸುಳ್ಳು.

“ಚಿಟ್ಟಾಣಿಯವರದ್ದು ಬರೀ ಕುಣಿತ, ಅದು ಜನಪ್ರಿಯತೆಗೆ ಸಿಕ್ಕ ಪ್ರಶಸ್ತಿ” ಎನ್ನುವುದು ಮೊದಲನೆಯದು. ಅವರು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಕಲಿತದ್ದು ಗುಂಡಬಾಳದಂಥ ಹರಕೆ ಆಟದ ರಂಗಸ್ಥಳದಲ್ಲಿ. ಮುಖ್ಯಪ್ರಾಣನಿಗೆ ಹೇಳಿಕೊಂಡ ಹರಕೆಯ ಆಟ ಸಾಲುಸಾಲಾಗಿ ನಡೆಯುವ ಜಾಗ ಅದು. ಇವತ್ತಿನ ವೇಷ ನಾಳೆಗಿಲ್ಲ. ಅವರ ಭಸ್ಮಾಸುರನನ್ನೇ ತೆಗೆದುಕೊಳ್ಳಿ. ಮೋಹಿನಿ ಹಾಕಿದ ಹೆಜ್ಜೆಯನ್ನೇ ಅಸುರ ಹಾಕಬೇಕು, ಅವಳ ಕೈ ಹೋದಲ್ಲಿ ತನ್ನ ಕೈ ಹೋಗಬೇಕು. ದರ್ಪ ಇಳಿಯುತ್ತ ಮೋಹ ಏರಬೇಕು, ಆದರೆ ವೇಷದ ಗತ್ತು ಬೀಳಬಾರದು. ಕೊನೆಗೆ ಕೈ ತನ್ನದೇ ತಲೆಯ ಮೇಲೆ ಕೂರುವಾಗ ಅದು ಪೆದ್ದುತನ ಅನ್ನಿಸದೆ ಮೈಮರೆವು ಅನ್ನಿಸಬೇಕು. ಬರೀ ಕಾಲಿನ ಬಲದಿಂದ ಇದು ಆಗುವುದಿಲ್ಲ. ಕೀಚಕ, ದುಷ್ಟಬುದ್ಧಿ, ಗದಾಯುದ್ಧದ ಕೌರವ, ಎಲ್ಲದರಲ್ಲೂ ಮುಖ ಮೊದಲು, ಕಾಲು ಆಮೇಲೆ. ಅರ್ಥಗಾರಿಕೆ ಕಡಿಮೆ ಎಂಬ ದೂರಿನಲ್ಲಿ ಹುರುಳಿದೆ. ಆದರೆ ತಾಳಮದ್ದಳೆಯ ಅಳತೆಗೋಲು ತಂದು ಬಯಲಾಟದ ವೇಷವನ್ನು ಅಳೆಯುವುದು ನ್ಯಾಯವಲ್ಲ. ನನ್ನ ಮಟ್ಟಿಗೆ ಆ ಪ್ರಶಸ್ತಿ ಅರ್ಹರಿಗೇ ಸಂದದ್ದು. ತಡವಾಯಿತು, ಅಷ್ಟೇ: ಅವರು ಹುಟ್ಟಿದ್ದು 1933ರಲ್ಲಿ, ಪದ್ಮಶ್ರೀ ಬರುವಾಗ 79 ವರ್ಷ.

“ಅಲ್ಲಿಯವರೆಗೆ ದೆಹಲಿಗೆ ಯಕ್ಷಗಾನವೇ ಗೊತ್ತಿರಲಿಲ್ಲ” ಎನ್ನುವುದೂ ನಿಜವಲ್ಲ. 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರಿಗೂ ಅವರ ಮಗ ಶಂಭು ಹೆಗಡೆಯವರಿಗೂ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಮೊದಲೇ ಬಂದಿತ್ತು. ಕಲೆಯನ್ನು ಬಲ್ಲವರು ಕಲಾವಿದರಿಗೇ ಎಂದು ಕೊಡುವ ಪ್ರಶಸ್ತಿ ಅದು. ಪದ್ಮ ಹಾಗಲ್ಲ, ವೈದ್ಯರು, ಉದ್ಯಮಿಗಳು, ಕ್ರೀಡಾಪಟುಗಳು ಎಲ್ಲ ಒಂದೇ ಪಟ್ಟಿಯಲ್ಲಿ. ಮರಣೋತ್ತರ ಮತ್ತು ವಿದೇಶಿಯರ ಹೆಸರು ಬಿಟ್ಟು ವರ್ಷಕ್ಕೆ 120ರ ಮಿತಿ. ಹಾಗಾಗಿ ಪದ್ಮ ಬಾರದವರು ಚಿಕ್ಕ ಕಲಾವಿದರು ಎಂಬ ಲೆಕ್ಕ ನಿಲ್ಲುವುದಿಲ್ಲ.

ಇನ್ನೊಂದು, ಈಚಿನದು: “ಯಕ್ಷಗಾನ ಯುನೆಸ್ಕೋ ಪಟ್ಟಿಗೆ ಸೇರಿತು.” 2024ರಲ್ಲಿ ಯುನೆಸ್ಕೋ ಮಾನ್ಯತೆ ಕೊಟ್ಟದ್ದು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಗೆ, ಪರಂಪರೆಯ ವಿಷಯದಲ್ಲಿ ಸಲಹೆ ನೀಡಬಲ್ಲ ಸಂಸ್ಥೆ ಎಂದು. ಮಂಡಳಿಗೆ ಅದು ದೊಡ್ಡ ಗೌರವವೇ. ಆದರೆ ಕೂಡಿಯಾಟ್ಟಂ, ಛಾವು ಇರುವ ಪಟ್ಟಿಯಲ್ಲಿ ಯಕ್ಷಗಾನ ಇಲ್ಲ.

ಪದ್ಮಶ್ರೀ ಜೊತೆ ಪಿಂಚಣಿ, ರೈಲು ಪಾಸು ಬರುತ್ತದೆ ಎಂದು ನಂಬಿದವರು ಇನ್ನೂ ಇದ್ದಾರೆ. ಬರುವುದು ರಾಷ್ಟ್ರಪತಿಗಳ ಸಹಿಯ ಸನ್ನದು ಮತ್ತು ಪದಕ. ಹಣ ಇಲ್ಲ, ಪ್ರಯಾಣದ ರಿಯಾಯಿತಿಯೂ ಇಲ್ಲ. ಹೆಸರಿನ ಹಿಂದೆ ಮುಂದೆ ಬಿರುದಿನಂತೆ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಮ್ಮೂರ ಬ್ಯಾನರ್ ಬರೆಯುವವರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ.

ಶಂಭು ಹೆಗಡೆಯವರ ವಿಷಯಕ್ಕೆ ಬರೋಣ. 2009ರ ಫೆಬ್ರುವರಿಯಲ್ಲಿ ಇಡಗುಂಜಿಯ ತೇರಿನ ಆಟದಲ್ಲಿ ರಾಮನ ವೇಷ ಮಾಡಿದ ರಾತ್ರಿಯೇ ತೀರಿಕೊಂಡರು. “ತೀರಿಕೊಂಡವರಿಗೆ ಪದ್ಮ ಕೊಡುವುದಿಲ್ಲ, ಹಾಗಾಗಿ ತಪ್ಪಿತು” ಎನ್ನುತ್ತಾರೆ. ಸಾಮಾನ್ಯವಾಗಿ ಕೊಡುವುದಿಲ್ಲ, ನಿಜ. ಆದರೆ ತೀರಾ ಅರ್ಹರೆನಿಸಿದರೆ, ಗಣರಾಜ್ಯೋತ್ಸವದ ಹಿಂದಿನ ಸುಮಾರು ಒಂದು ವರ್ಷದೊಳಗೆ ತೀರಿಕೊಂಡವರನ್ನು ಪರಿಗಣಿಸಲು ಅವಕಾಶ ಉಂಟು. 2010ರ ಜನವರಿ 26ಕ್ಕೆ ಅವರು ಹೋಗಿ ವರ್ಷ ತುಂಬಿರಲಿಲ್ಲ. ಬದುಕಿದ್ದಾಗಲಂತೂ ಅಡ್ಡಿಯೇ ಇರಲಿಲ್ಲ. ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದು, ಊರಲ್ಲೇ ಕೂತು ಪ್ರಸಂಗಗಳನ್ನು ತಿದ್ದಿ, ಮೇಳವನ್ನು ದೇಶವಿದೇಶ ತಿರುಗಿಸಿದವರು ಅವರು. ಅವರಿಗೂ ಬರಬೇಕಿತ್ತು. ಚಿಟ್ಟಾಣಿಯವರ ಬದಲಿಗೆ ಅಲ್ಲ, ಚಿಟ್ಟಾಣಿಯವರ ಜೊತೆಗೆ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ ಬೇರೆಯೇ ಇದೆ: “ಯೋಗ್ಯತೆ ಇದ್ದರೆ ಸರ್ಕಾರವೇ ಹುಡುಕಿಕೊಂಡು ಬರುತ್ತದೆ.” ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯ ಪದ್ಮ ಸಮಿತಿಯ ಮುಂದೆ ಹೋಗುವುದು ನಾಮನಿರ್ದೇಶನಗಳು. ಅದನ್ನು ಮಂತ್ರಿಯೇ ಕಳಿಸಬೇಕೆಂದಿಲ್ಲ; ಯಾರು ಬೇಕಾದರೂ ಕಳಿಸಬಹುದು, ತಮ್ಮ ಹೆಸರನ್ನು ತಾವೇ ಕೂಡ. ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ವಿವರ ತುಂಬಿ, 800 ಪದ ಮೀರದಂತೆ ಸಾಧನೆ ಬರೆದರೆ ಆಯಿತು.

ಈಗಲೂ ಕುಮಟಾ, ಹೊನ್ನಾವರ, ಭಟ್ಕಳದ ಹಳ್ಳಿಗಳಲ್ಲಿ ಎಂಬತ್ತು ದಾಟಿದ ಭಾಗವತರು, ಮದ್ದಳೆಗಾರರು, ವೇಷಧಾರಿಗಳು ಇದ್ದಾರೆ. ಯಾವ ಮೇಳದಲ್ಲಿ ಎಷ್ಟು ವರ್ಷ, ಯಾವ ವೇಷ, ಯಾರಿಗೆ ಕಲಿಸಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡಿ, ಹಳೆಯ ಕರಪತ್ರ, ಫೋಟೋ ಒಟ್ಟುಮಾಡಿ. 2026ರ ಪ್ರಶಸ್ತಿಗೆ ಹೆಸರು ಕಳಿಸಲು 2025ರ ಜುಲೈ 31 ಕೊನೆಯ ದಿನವಾಗಿತ್ತು. ಮುಂದಿನ ಸಲ ಬಾಗಿಲು ತೆರೆದಾಗ ನಿಮ್ಮ ಊರಿನ ಅರ್ಜಿ ಅಲ್ಲಿರಲಿ.